ಒಂದೇ ಜಾಗದ ಐದು ಗ್ರ್ಯಾಬ್‌ಗೆ ಐದು ಲೆಕ್ಕ: ಕಡಲತಳದ ಜೀವಿಗಳನ್ನು ಎಣಿಸುವಾಗ ಎಡವುವುದೆಲ್ಲಿ?

ಪ್ರಶ್ನೆ: ನಾವು ಪ್ರಾಣಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು. ಕರಾವಳಿ ನೀರಿನಲ್ಲಿ 12 ಮೀಟರ್ ಆಳದ ಒಂದು ಜಾಗದಲ್ಲಿ ಲಂಗರು ಹಾಕಿ, 0.1 ಚದರ ಮೀಟರ್‌ನ ವ್ಯಾನ್ ವೀನ್ ಗ್ರ್ಯಾಬ್‌ನಿಂದ (ಕಡಲತಳವನ್ನು ಕಚ್ಚಿ ಕೆಸರು ಎತ್ತುವ ಜೋಡಿ ಬುಟ್ಟಿಯ ಸಲಕರಣೆ) ಐದು ಸಲ ತಳದ ಕೆಸರು ಎತ್ತಿದೆವು. ಸಿಕ್ಕ ಪಾಲಿಕೀಟ್ ಹುಳುಗಳು (ಮೈಯಲ್ಲಿ ಬಿರುಗೂದಲಿರುವ ಕಡಲ ಹುಳುಗಳು) ಕ್ರಮವಾಗಿ 14, 61, 22, 38, 15. ಆರು ತಿಂಗಳ ನಂತರ ಅಲ್ಲೇ ಮತ್ತೆ ಐದು ಸಲ: 9, 27, 12, 31, 16. ಮೊದಲ ಸಲ ಅರ್ಧ ಮಿ.ಮೀ. ಜರಡಿ ಬಳಸಿದ್ದೆವು, ಅದು ಕೆಸರಿನಿಂದ ಕಟ್ಟಿಕೊಳ್ಳುತ್ತಿದ್ದುದರಿಂದ ಎರಡನೇ ಸಲ 1 ಮಿ.ಮೀ. ಜರಡಿ ಹಿಡಿದೆವು. ಮೇಲ್ಮೈ ನೀರಿನ ಆಮ್ಲಜನಕ ಎರಡೂ ಸಲ ಲೀಟರ್‌ಗೆ 6 ಮಿ.ಗ್ರಾಂ.ಗಿಂತ ಹೆಚ್ಚೇ ಇತ್ತು. ಹತ್ತಿರದಲ್ಲಿ ಕೊಳಚೆ ನೀರು ಬಿಡುವ ಕೊಳವೆ ಇದೆ. ಸರಾಸರಿ 30ರಿಂದ 19ಕ್ಕೆ ಇಳಿಯಲು ಅದೇ ಕಾರಣ ಎನ್ನಬಹುದೇ? ಒಂದೇ ಜಾಗದ ಎಣಿಕೆಯಲ್ಲಿ ಇಷ್ಟೊಂದು ಏರುಪೇರು ಇರುವುದು ನಮ್ಮ ಕೆಲಸದ ದೋಷವೇ? ಎಷ್ಟು ಗ್ರ್ಯಾಬ್ ತೆಗೆದರೆ ಸಾಕು?

ಉತ್ತರ: ಕೊಳವೆಯೇ ಕಾರಣ ಎನ್ನಲು ಈ ಅಂಕಿಗಳು ಸಾಲವು. ಏರುಪೇರು ಬಹುಪಾಲು ನಿಮ್ಮ ದೋಷವಲ್ಲ, ಕಡಲತಳದ ಸ್ವಭಾವವೇ ಹಾಗೆ. ಆದರೆ ಎರಡು ಸಮೀಕ್ಷೆಗಳ ನಡುವೆ ಕಾಣುವ ಇಳಿಕೆಯಲ್ಲಿ ಜರಡಿಯ ಪಾಲು ಖಂಡಿತ ಇದೆ. ಅದು ಎಷ್ಟೆಂಬುದು ಈಗ ತಿಳಿಯದು, ಸ್ವಲ್ಪ ಕೆಲಸ ಮಾಡಿದರೆ ಅಂದಾಜಿಗೆ ಸಿಗಬಹುದು.

ಮೊದಲು ಅಂಕಿಗಳನ್ನೇ ನೋಡೋಣ. ಮೊದಲ ಐದರ ಸರಾಸರಿ 30, ವೇರಿಯನ್ಸ್ (ಎಣಿಕೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) 392.5. ಹುಳುಗಳು ತಳದಲ್ಲಿ ಒಂದರ ಗೊಡವೆ ಇನ್ನೊಂದಕ್ಕಿಲ್ಲದಂತೆ ಎಲ್ಲೆಂದರಲ್ಲಿ ಚದುರಿದ್ದರೆ ವೇರಿಯನ್ಸ್ ಸುಮಾರು ಸರಾಸರಿಯಷ್ಟೇ ಇರಬೇಕು, ಅಂದರೆ ಎರಡರ ಅನುಪಾತ 1ರ ಆಸುಪಾಸು. ನಿಮ್ಮದು 13. ಜೀವಿಗಳು ಗುಂಪುಗುಂಪಾಗಿವೆ ಎಂದು ಇದರ ಅರ್ಥ. ತಳಜೀವಿಗಳಲ್ಲಿ ಇದೇ ಸಾಮಾನ್ಯ ಸ್ಥಿತಿ: ಮರಿಗಳು ನೆಲಕ್ಕಿಳಿಯುವಾಗ ಕೆಲವು ಕಡೆ ದಟ್ಟವಾಗಿ ಇಳಿಯುತ್ತವೆ, ಕೊಳೆತ ವಸ್ತು ತಗ್ಗುಗಳಲ್ಲಿ ಸೇರುತ್ತದೆ, ಕೊಳವೆ ಕಟ್ಟಿಕೊಂಡು ಬಾಳುವ ಹುಳುಗಳು ಒಂದರ ಪಕ್ಕ ಒಂದು ನೆಲೆಸುತ್ತವೆ, ಒಂದು ಏಡಿ ನೆಲ ಕೆದಕಿ ಹೋದ ಜಾಗ ವಾರಗಟ್ಟಲೆ ಖಾಲಿಯಾಗಿರಬಹುದು. ಎರಡಡಿ ಅಂತರದಲ್ಲೇ ಎಣಿಕೆ ನಾಲ್ಕು ಪಟ್ಟು ಬದಲಾಗುವುದು ಅಪರೂಪವಲ್ಲ.

ಈಗ ಸರಾಸರಿಯನ್ನು ಎಷ್ಟು ನಂಬಬಹುದು ನೋಡಿ. ವೇರಿಯನ್ಸನ್ನು 5ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸ್ಟ್ಯಾಂಡರ್ಡ್ ಎರರ್, ಅಂದರೆ ಸರಾಸರಿಯ ಅನಿಶ್ಚಿತತೆಯ ಅಳತೆ, 8.9. ಐದು ಮಾದರಿಗೆ ಅನ್ವಯಿಸುವ, ಕೋಷ್ಟಕದಿಂದ ತೆಗೆದುಕೊಳ್ಳುವ ಟಿ ಮೌಲ್ಯ 2.78ರಿಂದ ಗುಣಿಸಿದರೆ ಸುಮಾರು 25. ಹಾಗಾಗಿ ನಿಮ್ಮ 30 ಎಂಬುದು ಶೇ. 95ರ ಭರವಸೆಯಲ್ಲಿ 5ರಿಂದ 55ರ ನಡುವೆ ಎಲ್ಲಾದರೂ ಇರಬಹುದಾದ ಸಂಖ್ಯೆ. ಎರಡನೇ ಸಲದ 19, ಅದೇ ಲೆಕ್ಕದಲ್ಲಿ, 7ರಿಂದ 31. ಎರಡೂ ಒಂದರ ಮೇಲೊಂದು ಬಿದ್ದಿವೆ. ವ್ಯತ್ಯಾಸ 11, ಆ ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್ 9.8, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವ ಟಿ ಮೌಲ್ಯ 1.1. ಅಂದರೆ ವ್ಯತ್ಯಾಸ ತನ್ನ ಅನಿಶ್ಚಿತತೆಗಿಂತ ಹೆಚ್ಚೇನೂ ದೊಡ್ಡದಲ್ಲ. ಜರಡಿಯ ಗೊಂದಲ ಇರದಿದ್ದರೂ ಇದನ್ನು ಇಳಿಕೆ ಎಂದು ಬರೆಯಲು ಬರುವುದಿಲ್ಲ.

ಎಷ್ಟು ಗ್ರ್ಯಾಬ್ ಬೇಕು ಎಂಬುದಕ್ಕೆ ಸರಳ ಸೂತ್ರವಿದೆ: ವೇರಿಯನ್ಸನ್ನು ಸರಾಸರಿಯ ವರ್ಗದಿಂದಲೂ ನಿಮಗೆ ಬೇಕಾದ ನಿಖರತೆಯ ವರ್ಗದಿಂದಲೂ ಭಾಗಿಸಿ. ನಿಖರತೆ ಎಂದರೆ ಇಲ್ಲಿ ಸ್ಟ್ಯಾಂಡರ್ಡ್ ಎರರ್ ಸರಾಸರಿಯ ಎಷ್ಟು ಪಾಲು ಇರಬಹುದು ಎಂಬುದು. ನಿಮ್ಮ ಐದು ಗ್ರ್ಯಾಬ್‌ಗೆ ಅದು ಶೇ. 30. ಶೇ. 20ಕ್ಕೆ ಇಳಿಸಲು 392.5ನ್ನು 36ರಿಂದ ಭಾಗಿಸಿ, 11 ಗ್ರ್ಯಾಬ್ ಬೇಕು. ಶೇ. 10 ಬೇಕೆಂದರೆ 44. ಒಂದು ಜಾಗದಿಂದ 44 ಗ್ರ್ಯಾಬ್ ಎತ್ತಿ, ಜಾಲಿಸಿ, ಎಣಿಸುವ ಪ್ರಯೋಗಾಲಯ ಎಲ್ಲೂ ಇಲ್ಲ ಎಂದೇ ಹೇಳಬಹುದು. ಶೇ. 20ರಿಂದ 25 ಸಿಕ್ಕರೆ ತೃಪ್ತಿಪಡುವುದು ವಾಡಿಕೆ.

ಆದರೆ ನಿಮ್ಮ ಪ್ರಶ್ನೆಗೆ 11 ಗ್ರ್ಯಾಬ್ ಕೂಡ ಉತ್ತರವಲ್ಲ. ಲಂಗರು ಹಾಕಿದ ಒಂದೇ ದೋಣಿಯಿಂದ ಎಷ್ಟು ಎತ್ತಿದರೂ ಆ ಒಂದು ತುಂಡು ನೆಲದ ಬಗ್ಗೆ ಮಾತ್ರ ಹೆಚ್ಚು ತಿಳಿಯುತ್ತದೆ. ಕೊಳವೆಯ ಪರಿಣಾಮ ತಿಳಿಯಬೇಕಾದರೆ ಕೊಳವೆಯ ಬಳಿಯ ಹಲವು ಜಾಗಗಳನ್ನು ದೂರದ ಹಲವು ಜಾಗಗಳೊಂದಿಗೆ ಹೋಲಿಸಬೇಕು. ಒಂದು ಜಾಗದ ಐದು ಗ್ರ್ಯಾಬ್‌ಗಳನ್ನು ಐದು ಸ್ವತಂತ್ರ ಸಾಕ್ಷ್ಯಗಳೆಂದು ಲೆಕ್ಕಹಾಕುವುದಕ್ಕೆ ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಸೂಡೋರೆಪ್ಲಿಕೇಶನ್ (ಹುಸಿ ಪುನರಾವರ್ತನೆ) ಎಂದು ಹೆಸರಿಟ್ಟರು. ಪರಿಸರ ಅಧ್ಯಯನಗಳಲ್ಲಿ ಇವತ್ತಿಗೂ ಪದೇ ಪದೇ ಕಾಣುವ ತಪ್ಪು ಇದು.

ಶ್ರಮವನ್ನು ಎಲ್ಲಿ ಹಾಕಬೇಕು ಎಂಬುದನ್ನು ಅಂಕಿಗಳಲ್ಲೇ ತೋರಿಸುತ್ತೇನೆ. ಜಾಗ ಜಾಗಗಳ ನಡುವಿನ ವೇರಿಯನ್ಸ್ 300, ಒಂದೇ ಜಾಗದ ಗ್ರ್ಯಾಬ್‌ಗಳ ನಡುವಿನದು 400 ಎಂದಿಟ್ಟುಕೊಳ್ಳಿ. ಒಟ್ಟು 15 ಗ್ರ್ಯಾಬ್‌ಗೆ ಮಾತ್ರ ಸಮಯವಿದೆ. ಎಲ್ಲವನ್ನೂ ಒಂದೇ ಜಾಗದಲ್ಲಿ ಎತ್ತಿದರೆ ಸರಾಸರಿಯ ವೇರಿಯನ್ಸ್ 300ಕ್ಕೆ 400ರ ಹದಿನೈದನೇ ಒಂದು ಪಾಲು ಸೇರಿ 327. ಐದು ಜಾಗಗಳಲ್ಲಿ ಮೂರು ಮೂರರಂತೆ ಹಂಚಿದರೆ 60 ಮತ್ತು 27, ಒಟ್ಟು 87. ಹದಿನೈದು ಜಾಗಗಳಲ್ಲಿ ಒಂದೊಂದೇ ಎತ್ತಿದರೆ 47. ಕೊನೆಯದು ಕಾಗದದ ಮೇಲೆ ಚೆಂದ, ಆದರೆ ಜಾಗದೊಳಗಿನ ಏರುಪೇರು ಎಷ್ಟು, ಜಾಗಗಳ ನಡುವಿನದು ಎಷ್ಟು ಎಂದು ಬೇರ್ಪಡಿಸಲು ಆಗುವುದಿಲ್ಲ. ಒಂದು ಗ್ರ್ಯಾಬ್ ಕೆಟ್ಟರೆ ಆ ಜಾಗವೇ ಹೋಯಿತು. ಮೂರು ಗ್ರ್ಯಾಬ್ ಎಂಬುದು ಒಳ್ಳೆಯ ರಾಜಿ.

ಕೊಳವೆಯಂಥ ಒಂದೇ ಬಿಂದುವಿನಿಂದ ಮಾಲಿನ್ಯ ಬರುವಾಗ ದೂರದ ಸಾಲು ಹಿಡಿಯುವುದು ಉತ್ತಮ. ಪ್ರವಾಹ ಹೆಚ್ಚಾಗಿ ಹರಿಯುವ ದಿಕ್ಕಿನಲ್ಲಿ ಕೊಳವೆಯ ಬಾಯಿಯಿಂದ 50, 100, 250, 500, 1000, 2000 ಮೀಟರ್‌ಗಳಲ್ಲಿ ಜಾಗ ಗುರುತಿಸಿ. ಜತೆಗೆ ಕೊಳವೆಯ ಪ್ರಭಾವ ತಲುಪದ ಕಡೆ ಕನಿಷ್ಠ ಎರಡು ಹೋಲಿಕೆ ಜಾಗಗಳಿರಲಿ. ಇವೆಲ್ಲವೂ ಹೆಚ್ಚುಕಡಿಮೆ ಒಂದೇ ಆಳದಲ್ಲಿ, ಒಂದೇ ಬಗೆಯ ಕೆಸರಿನಲ್ಲಿ ಇರಬೇಕು. ಮರಳಿನ ಹೋಲಿಕೆ ಜಾಗವನ್ನು ಕೆಸರಿನ ಜಾಗದ ಎದುರು ಇಟ್ಟರೆ ನೀವು ಅಳೆಯುವುದು ಕಣದ ಗಾತ್ರದ ಪರಿಣಾಮವನ್ನೇ. ಒಟ್ಟು ಎಂಟು ಜಾಗ, 24 ಗ್ರ್ಯಾಬ್. ಮುಂದಿನ ವರ್ಷ ಅದೇ ಋತುವಿನಲ್ಲಿ ಮತ್ತೆ. ಆರು ತಿಂಗಳ ಅಂತರ ಹೋಲಿಕೆಗೆ ಅತ್ಯಂತ ಕೆಟ್ಟ ಅಂತರ: ಮರಿಗಳು ಆಗತಾನೇ ನೆಲಕ್ಕಿಳಿದ ಕಾಲ ಮತ್ತು ಅವುಗಳಲ್ಲಿ ಬಹುಪಾಲು ಸತ್ತುಹೋದ ಕಾಲ ಎರಡನ್ನೂ ಎದುರುಬದುರು ಇಟ್ಟಂತಾಗುತ್ತದೆ.

ಇನ್ನು ಜರಡಿ. ಅರ್ಧ ಮಿ.ಮೀ. ಜರಡಿಯಲ್ಲಿ ಉಳಿಯುವ ಸಣ್ಣ ಪಾಲಿಕೀಟ್‌ಗಳು ಮತ್ತು ಮರಿಗಳು 1 ಮಿ.ಮೀ. ಜರಡಿಯಿಂದ ಸಲೀಸಾಗಿ ಜಾರಿಹೋಗುತ್ತವೆ. ಹುಳುವಿನ ಉದ್ದ ಇಲ್ಲಿ ಲೆಕ್ಕಕ್ಕಿಲ್ಲ, ದಪ್ಪವೇ ಮುಖ್ಯ, ಎರಡು ಸೆಂ.ಮೀ. ಉದ್ದದ ತೆಳು ಹುಳುವೂ ತಲೆ ತೂರಿಸಿ ಹೊರಟುಬಿಡುತ್ತದೆ. ಎರಡನೇ ಸಲ ಜರಡಿಯಿಂದ ಕೆಳಗೆ ಹೋದದ್ದು ಸಮುದ್ರಕ್ಕೇ ಹೋಯಿತು, ಅದನ್ನು ಮರಳಿ ಪಡೆಯಲಾಗದು. ಆದರೆ ಮೊದಲ ಸಮೀಕ್ಷೆಯ ಹುಳುಗಳನ್ನು ಸೀಸೆಯಲ್ಲಿ ಇಟ್ಟಿದ್ದರೆ ಅವನ್ನು ಈಗ 1 ಮಿ.ಮೀ. ಜರಡಿಯ ಮೇಲೆ ಹಾಕಿ, ಮೆಲ್ಲಗೆ ನೀರು ಹರಿಸಿ, ಮೇಲೆ ಉಳಿದವನ್ನು ಮಾತ್ರ ಎಣಿಸಿ. ಆ ಸಂಖ್ಯೆಯನ್ನು 19ರ ಎದುರು ಇಡಬಹುದು. ಇಲ್ಲೊಂದು ಸೂಕ್ಷ್ಮವಿದೆ: ಮಾದರಿ ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದಲ್ಲಿ ಬಿದ್ದ ಹುಳು ಸೆಟೆದುಕೊಂಡಿರುತ್ತದೆ, ಜೀವಂತ ಹುಳುವಿನಂತೆ ನುಸುಳಿ ಹೋಗುವುದಿಲ್ಲ. ಹಾಗಾಗಿ ಮರು ಜರಡಿಯಲ್ಲಿ ಉಳಿಯುವ ಸಂಖ್ಯೆ ದೋಣಿಯ ಮೇಲೆ ಜೀವಂತವಾಗಿ ಜಾಲಿಸಿದ್ದರೆ ಉಳಿಯುತ್ತಿದ್ದುದಕ್ಕಿಂತ ಹೆಚ್ಚಾಗಿರುತ್ತದೆ. ಅಷ್ಟಾದ ಮೇಲೂ ಮರು ಎಣಿಕೆ 19ರ ಹತ್ತಿರಕ್ಕೆ ಬಂದರೆ ಇಳಿಕೆಯ ಮಾತನ್ನೇ ಬಿಡಬಹುದು.

ಜರಡಿ ಕಟ್ಟಿಕೊಳ್ಳುವುದಕ್ಕೆ ಮದ್ದು ದೊಡ್ಡ ಕಣ್ಣಿನ ಜರಡಿಯಲ್ಲ. ಒಮ್ಮೆಗೆ ಒಂದೆರಡು ಲೀಟರ್ ಕೆಸರು ಮಾತ್ರ ಹಾಕಿ. ಅಗಲವಾದ ಟಬ್ಬಿನಲ್ಲಿ ಸಮುದ್ರದ ನೀರು ತುಂಬಿ, ಜರಡಿಯ ಅಂಚು ನೀರಿನ ಮೇಲೆ ಇರುವಂತೆ ಹಿಡಿದು ಸುತ್ತ ತಿರುಗಿಸುತ್ತ ಅಲುಗಿಸಿ, ಮೇಲೆ ಕೆಳಗೆ ಎತ್ತಿಳಿಸಿ. ಕೆಳಗಿನಿಂದ ಏರುವ ನೀರೇ ಕಣ್ಣುಗಳನ್ನು ಬಿಡಿಸುತ್ತದೆ. ಜಿಗುಟು ಮಣ್ಣಿನ ಉಂಡೆಗಳನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಕಲಕಿ, ತೇಲುವ ಹಗುರ ಭಾಗವನ್ನು ನಾಲ್ಕೈದು ಸಲ ಜರಡಿಗೆ ಬಸಿಯಿರಿ; ಕೊನೆಗೆ ಉಳಿದ ಚಿಪ್ಪು, ಕಲ್ಲು, ಮರಳನ್ನು ಹಾಕಿ. ಇದರಿಂದ ಮೆತ್ತನೆಯ ಹುಳುಗಳು ಚಿಪ್ಪುಗಳ ನಡುವೆ ಅರೆದುಹೋಗುವುದೂ ತಪ್ಪುತ್ತದೆ. ಬೆರಳಿನಿಂದ ಉಜ್ಜಿ ಕೆಸರು ಇಳಿಸಬೇಡಿ, ಪೈಪಿನ ರಭಸದ ನೀರು ಬಿಡಬೇಡಿ, ಸಿಹಿನೀರಿನಲ್ಲಿ ಜಾಲಿಸಬೇಡಿ; ಸಿಹಿನೀರು ತಗುಲಿದರೆ ಮೆತ್ತನೆಯ ದೇಹಗಳು ಉಬ್ಬಿ ಒಡೆಯುತ್ತವೆ. ಜಾಲಿಸಲು ಬಳಸುವ ಸಮುದ್ರದ ನೀರನ್ನು ಸಣ್ಣ ಕಣ್ಣಿನ ಬಲೆಯಿಂದ ಸೋಸಿಕೊಳ್ಳಿ, ಇಲ್ಲವಾದರೆ ಮೇಲ್ಮೈಯ ಪ್ಲವಕಗಳು (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು) ತಳಜೀವಿಗಳ ಪಟ್ಟಿಗೆ ಸೇರುತ್ತವೆ. ಮುಂದೆ 1 ಮಿ.ಮೀ. ಜರಡಿಯನ್ನು ಮೇಲೆ, ಅರ್ಧ ಮಿ.ಮೀ. ಜರಡಿಯನ್ನು ಕೆಳಗೆ ಇಟ್ಟು ಎರಡು ಭಾಗಗಳನ್ನೂ ಬೇರೆ ಬೇರೆ ಸೀಸೆಗೆ ಹಾಕಿ. ಆಗ ಯಾರ ಅಂಕಿಯೊಂದಿಗೆ ಬೇಕಾದರೂ ಹೋಲಿಸಬಹುದು, ಸಮಯ ಸಾಲದಿದ್ದರೆ ಸಣ್ಣ ಭಾಗವನ್ನು ಮುಂದಕ್ಕೂ ಹಾಕಬಹುದು.

ಗ್ರ್ಯಾಬ್‌ನ ಕಡೆಗೆ ಬರೋಣ. ಡಚ್ ಎಂಜಿನಿಯರ್ ಯೋಹಾನ್ ವ್ಯಾನ್ ವೀನ್ 1930ರ ದಶಕದಲ್ಲಿ ರೂಪಿಸಿದ ಈ ಸಲಕರಣೆ ಸರಳ: ಉದ್ದ ತೋಳುಗಳ ಎರಡು ಬುಟ್ಟಿಗಳನ್ನು ಒಂದು ಕೊಕ್ಕೆ ಬಿಚ್ಚಿ ಹಿಡಿದಿರುತ್ತದೆ. ತಳ ಮುಟ್ಟಿ ಹಗ್ಗ ಸಡಿಲವಾದಾಗ ಕೊಕ್ಕೆ ಕಳಚುತ್ತದೆ, ಮೇಲೆತ್ತುವಾಗ ತೋಳುಗಳ ಸೆಳೆತಕ್ಕೆ ಬುಟ್ಟಿಗಳು ಮುಚ್ಚುತ್ತವೆ. ತಪ್ಪುಗಳೂ ಈ ಸರಳತೆಯಿಂದಲೇ ಬರುತ್ತವೆ. ರಭಸದಿಂದ ಇಳಿಸಿದರೆ ಮುಂದೆ ತಳ್ಳಲ್ಪಟ್ಟ ನೀರು ನೆಲದ ಮೇಲಿನ ನಯವಾದ ಪದರವನ್ನು, ಅಂದರೆ ಜೀವಿಗಳು ಹೆಚ್ಚಿರುವ ಪದರವನ್ನೇ, ಹಾರಿಸಿಬಿಡುತ್ತದೆ. ಕೊನೆಯ ನಾಲ್ಕೈದು ಮೀಟರ್ ನಿಧಾನವಾಗಿ ಬಿಡಿ. ಬುಟ್ಟಿಯ ಮೇಲಿನ ಜಾಲರಿ ಕಿಟಕಿಗಳ ರಬ್ಬರ್ ಮುಚ್ಚಳ ಇಳಿಯುವಾಗ ತೆರೆದುಕೊಳ್ಳುತ್ತದೆಯೇ, ಏರುವಾಗ ಮುಚ್ಚಿಕೊಳ್ಳುತ್ತದೆಯೇ ಎಂದು ಪ್ರತಿ ದಿನ ನೋಡಿ. ದೋಣಿ ಸರಿಯುತ್ತಿದ್ದರೆ ಹಗ್ಗ ಓರೆಯಾಗಿ ಗ್ರ್ಯಾಬ್ ಮಗುಚಿ ಕಚ್ಚುತ್ತದೆ. ಮರಳಿನಲ್ಲಿ ಭಾರ ಕಟ್ಟಬೇಕು, ಮೆದು ಕೆಸರಿನಲ್ಲಿ ಭಾರ ಬಿಚ್ಚಬೇಕು.

ಮೇಲೆ ಬಂದ ಪ್ರತಿ ಗ್ರ್ಯಾಬನ್ನೂ ಸ್ವೀಕರಿಸುವಂತಿಲ್ಲ. ಕಿಟಕಿ ತೆರೆದು ಒಳಗೆ ನೋಡಿ. ಕೆಸರಿನ ಮೇಲೆ ತಿಳಿ ನೀರು ನಿಂತಿದ್ದು, ಮೇಲ್ಮೈ ಕದಡದೆ, ಹುಳುಗಳ ಕೊಳವೆಗಳು ನೆಟ್ಟಗೆ ಕಾಣುತ್ತಿದ್ದರೆ ಒಳ್ಳೆಯ ಮಾದರಿ. ನೀರು ಬಗ್ಗಡವಾಗಿದ್ದರೆ, ಬಾಯಿಗೆ ಕಲ್ಲೋ ಚಿಪ್ಪೋ ಸಿಕ್ಕಿ ಸೋರಿದ್ದರೆ, ಒಂದು ಕಡೆ ಮಾತ್ರ ತುಂಬಿದ್ದರೆ ಚೆಲ್ಲಿ. ಮಧ್ಯದಲ್ಲಿ ಅಳತೆಪಟ್ಟಿ ಇಳಿಸಿ ಆಳ ನೋಡಿ: ಮರಳಿಗೆ ಕನಿಷ್ಠ 5 ಸೆಂ.ಮೀ., ಕೆಸರಿಗೆ 7 ಸೆಂ.ಮೀ. ಎಂಬುದು ರೂಢಿಯ ಮಿತಿ. ತೀರಾ ತುಂಬಿ ಕೆಸರು ಕಿಟಕಿಗೆ ಒತ್ತಿಕೊಂಡಿದ್ದರೂ ಚೆಲ್ಲಬೇಕು, ಮೇಲ್ಪದರ ಹೊರಗೆ ಹೋಗಿರುತ್ತದೆ. ನಿಮ್ಮ 14 ಮತ್ತು 15ರ ಗ್ರ್ಯಾಬ್‌ಗಳು ಎಷ್ಟು ಆಳ ಕಚ್ಚಿದ್ದವು ಎಂದು ಬರೆದಿಟ್ಟಿದ್ದೀರಾ? ಇಲ್ಲವಾದರೆ ಅವು ಬಡ ಜಾಗಗಳೋ ಬಡ ಗ್ರ್ಯಾಬ್‌ಗಳೋ ಈಗ ಹೇಳಲಾಗದು. ಪ್ರತಿ ಇಳಿಕೆಗೂ ಆಳ, ಬಣ್ಣ, ವಾಸನೆ, ಕಂದು ಪದರದ ಕೆಳಗೆ ಕಪ್ಪು ಪದರ ಎಷ್ಟು ಸೆಂ.ಮೀ.ಗೆ ಶುರುವಾಗುತ್ತದೆ ಎಂಬುದು, ಮತ್ತು ಆ ಕ್ಷಣದ ಜಿಪಿಎಸ್ ಬಿಂದು, ಇಷ್ಟನ್ನು ಅಲ್ಲೇ ಬರೆಯಿರಿ. ಲಂಗರು ಹಾಕಿದ ದೋಣಿಯೂ ಗಾಳಿಗೆ ಹತ್ತಾರು ಮೀಟರ್ ತೂಗಾಡುತ್ತದೆ. ಆಳವಾಗಿ ಬಿಲ ತೋಡುವ ಸೀಗಡಿಗಳು, ದೊಡ್ಡ ಕಪ್ಪೆಚಿಪ್ಪುಗಳು ಹೇಗಿದ್ದರೂ ಈ ಸಲಕರಣೆಗೆ ಸರಿಯಾಗಿ ಸಿಗುವುದಿಲ್ಲ. ಅವು ಬೇಕಾದರೆ ನೆಲಕ್ಕೆ ಆಳವಾಗಿ ಇಳಿದು ಕೆಸರಿನ ತುಂಡನ್ನೇ ಎತ್ತುವ ಪೆಟ್ಟಿಗೆಯಾಕಾರದ ಬಾಕ್ಸ್ ಕೋರರ್ ಬಳಸಬೇಕು.

ಕಣದ ಗಾತ್ರ ಮತ್ತು ಸಾವಯವ ಇಂಗಾಲಕ್ಕೆ ಬೇಕಾದ ಕೆಸರನ್ನು ಜೀವಿಗಳ ಗ್ರ್ಯಾಬ್‌ನಿಂದ ಚಮಚದಲ್ಲಿ ತೆಗೆಯಬೇಡಿ. ತೆಗೆದಷ್ಟು ಹುಳುಗಳೂ ಅದರ ಜತೆ ಹೋಗುತ್ತವೆ. ಅದಕ್ಕೆಂದೇ ಪ್ರತಿ ಜಾಗದಲ್ಲಿ ಇನ್ನೊಂದು ಗ್ರ್ಯಾಬ್ ಎತ್ತಿ, ಇಂಗಾಲಕ್ಕೆ ಮೇಲಿನ 2 ಸೆಂ.ಮೀ. ಮಾತ್ರ ತೆಗೆದು ಮೈನಸ್ 20 ಡಿಗ್ರಿಯಲ್ಲಿ ಇಡಿ. ಇಂಗಾಲ ಅಳೆಯುವ ಮೊದಲು ಚಿಪ್ಪಿನ ಕಾರ್ಬೊನೇಟನ್ನು ಆಮ್ಲದಿಂದ ತೆಗೆಯದಿದ್ದರೆ ಚಿಪ್ಪು ಹೆಚ್ಚಿರುವ ಜಾಗವೆಲ್ಲ ಕೊಳಚೆ ಹೆಚ್ಚಿರುವ ಜಾಗವಾಗಿ ಕಾಣುತ್ತದೆ. ಕಣದ ಗಾತ್ರಕ್ಕೆ 63 ಮೈಕ್ರಾನ್ ಜರಡಿಯೇ ಗಡಿ: ಮೇಲೆ ಉಳಿದದ್ದು ಮರಳು, ಕೆಳಗಿಳಿದದ್ದು ಕೆಸರು. ಹೋಲಿಕೆ ಜಾಗ ಆರಿಸಲು ಈ ಒಂದು ಶೇಕಡಾವಾರೇ ಬಹಳಷ್ಟು ಹೇಳುತ್ತದೆ.

ಸಂರಕ್ಷಣೆಯಲ್ಲಿ ಪದೇ ಪದೇ ಕಾಣುವ ಗೊಂದಲ ಫಾರ್ಮಲಿನ್‌ನ ಶೇಕಡಾ ಲೆಕ್ಕದ್ದು. ಅಂಗಡಿಯ ಸೀಸೆಯಲ್ಲಿ ಬರುವುದು ಶೇ. 37ರಿಂದ 40 ಫಾರ್ಮಾಲ್ಡಿಹೈಡ್. ಅದರ ಒಂದು ಪಾಲಿಗೆ ಒಂಬತ್ತು ಪಾಲು ಸಮುದ್ರದ ನೀರು ಸೇರಿಸಿದರೆ ಶೇ. 10 ಫಾರ್ಮಲಿನ್, ಅಂದರೆ ಸುಮಾರು ಶೇ. 4 ಫಾರ್ಮಾಲ್ಡಿಹೈಡ್. ಇದನ್ನೇ ಮತ್ತೆ ಹತ್ತು ಪಟ್ಟು ತೆಳು ಮಾಡಿದವರ ಮಾದರಿಗಳು ಕೊಳೆತಿರುತ್ತವೆ. ಜರಡಿಯ ಮೇಲೆ ಉಳಿದ ಕಸವನ್ನು ಸೀಸೆಯ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಅದರೊಳಗಿನ ನೀರೂ ಫಾರ್ಮಲಿನ್ನನ್ನು ತೆಳು ಮಾಡುತ್ತದೆ. ಬೋರಾಕ್ಸ್ ಹಾಕದ ಫಾರ್ಮಲಿನ್ ಆಮ್ಲೀಯವಾಗಿ ಸಣ್ಣ ಚಿಪ್ಪುಗಳನ್ನು ಕರಗಿಸುತ್ತದೆ. ಅದಕ್ಕೂ ಮೊದಲು, ಲೀಟರ್ ಸಿಹಿನೀರಿಗೆ 73 ಗ್ರಾಂ. ಹರಳು ಮೆಗ್ನೀಸಿಯಂ ಕ್ಲೋರೈಡ್ ಕರಗಿಸಿದ ದ್ರಾವಣದಲ್ಲಿ ಕಾಲು ಗಂಟೆಯಿಂದ ಅರ್ಧ ಗಂಟೆ ಬಿಟ್ಟರೆ ಹುಳುಗಳು ಸಡಿಲಗೊಳ್ಳುತ್ತವೆ, ಮುರಿದುಕೊಳ್ಳುವುದಿಲ್ಲ. (ಈ ದ್ರಾವಣದ ಲವಣಬಲ ಸಮುದ್ರದ ನೀರಿನಷ್ಟೇ ಇರುವುದರಿಂದ ಇಲ್ಲಿ ಸಿಹಿನೀರಿನ ಭಯ ಬೇಡ.) ಒಂದೆರಡು ವಾರದ ಮೇಲೆ ತೊಳೆದು ಶೇ. 70 ಎಥನಾಲ್‌ಗೆ ಬದಲಿಸಿ. ಡಿಎನ್‌ಎ ನೋಡುವ ಆಲೋಚನೆಯಿದ್ದರೆ ಫಾರ್ಮಲಿನ್ ಮುಟ್ಟಿಸದೆ ನೇರ ಶೇ. 95 ಎಥನಾಲ್‌ಗೆ ಹಾಕಬೇಕು. ಫಾರ್ಮಲಿನ್ ಕ್ಯಾನ್ಸರ್‌ಕಾರಕ, ಕೈಗವಸು ಮತ್ತು ಗಾಳಿ ಹೊರಸೆಳೆಯುವ ಹುಡ್ ಇಲ್ಲದೆ ಮಾದರಿ ತೊಳೆಯಬಾರದು. ಹೆಸರಿನ ಚೀಟಿ ಪೆನ್ಸಿಲ್‌ನಲ್ಲಿ ಬರೆದದ್ದಾಗಿ ಸೀಸೆಯ ಒಳಗೇ ಇರಲಿ. ಹೊರಗಿನ ಶಾಯಿಯನ್ನು ಎಥನಾಲ್ ಒರೆಸಿಹಾಕುತ್ತದೆ.

ಎಣಿಸುವಾಗ ತಲೆ ಇರುವ ತುಂಡುಗಳನ್ನು ಮಾತ್ರ ಎಣಿಸಿ. ನಿಮ್ಮ 61ರಲ್ಲಿ ಬಾಲದ ತುಂಡುಗಳೂ ಸೇರಿವೆಯೇ ಎಂದು ಒಮ್ಮೆ ನೋಡಿ, ಇಂಥ ಒಂದೇ ಒಂದು ದೊಡ್ಡ ಸಂಖ್ಯೆಯ ಹಿಂದೆ ಎಷ್ಟೋ ಸಲ ಅದೇ ಇರುತ್ತದೆ. ರೋಸ್ ಬೆಂಗಾಲ್ ಬಣ್ಣ ಹಾಕಿದರೆ ಜೀವಿಗಳು ಗುಲಾಬಿಯಾಗಿ ಕಸದ ನಡುವೆ ಬೇಗ ಕಣ್ಣಿಗೆ ಬೀಳುತ್ತವೆ, ಹೆಚ್ಚು ಹಾಕಿದರೆ ಪ್ರಭೇದ ಗುರುತಿಸಲು ಬೇಕಾದ ಮೈಮೇಲಿನ ಗುರುತುಗಳೇ ಮುಚ್ಚಿಹೋಗುತ್ತವೆ. ಆರಿಸಿ ಮುಗಿದ ಕಸವನ್ನು ಚೆಲ್ಲದೆ, ಹತ್ತರಲ್ಲಿ ಒಂದು ಮಾದರಿಯನ್ನು ಬೇರೆಯವರಿಂದ ಮತ್ತೆ ಆರಿಸಿಸಿ. ಮೊದಲ ವ್ಯಕ್ತಿಗೆ ಶೇ. 5ಕ್ಕಿಂತ ಹೆಚ್ಚು ಜೀವಿಗಳು ತಪ್ಪಿದ್ದರೆ ಅವರು ಮಾಡಿದ ಇಡೀ ಕಂತನ್ನು ಮರಳಿ ನೋಡಬೇಕು.

ಎಲ್ಲ ಪಾಲಿಕೀಟ್‌ಗಳನ್ನೂ ಒಂದೇ ಮೊತ್ತವಾಗಿ ಕೂಡಿಸಿರುವುದು ನಿಮ್ಮ ಅಧ್ಯಯನದ ಇನ್ನೊಂದು ದೌರ್ಬಲ್ಯ, ಜರಡಿಗಿಂತ ಇದೇ ದೊಡ್ಡದು ಎನ್ನಬೇಕು. ಕೊಳಚೆಯಿಂದ ಹುಳುಗಳು ಕಡಿಮೆಯಾಗಲೇಬೇಕು ಎಂಬ ನಿಯಮವಿಲ್ಲ. ಕಡಲ ಜೀವವಿಜ್ಞಾನಿಗಳಾದ ಪಿಯರ್ಸನ್ ಮತ್ತು ರೋಸೆನ್‌ಬರ್ಗ್ 1978ರಲ್ಲಿ ವಿವರಿಸಿದ ಕ್ರಮ ಹೀಗಿದೆ: ಸಾವಯವ ವಸ್ತು ಸ್ವಲ್ಪ ಹೆಚ್ಚಿದಾಗ ಪ್ರಭೇದಗಳೂ ಜೀವರಾಶಿಯೂ ಏರುತ್ತವೆ, ಇನ್ನೂ ಹೆಚ್ಚಿದಾಗ ಹೆಚ್ಚಿನ ಪ್ರಭೇದಗಳು ಕಣ್ಮರೆಯಾಗಿ, ಕ್ಯಾಪಿಟೆಲ್ಲಾದಂಥ ಕೆಲವೇ ಸಣ್ಣ ಹುಳುಗಳು ಅಪಾರ ಸಂಖ್ಯೆಯಲ್ಲಿ ತುಂಬಿಕೊಳ್ಳುತ್ತವೆ, ಕೊನೆಗೆ ಆಮ್ಲಜನಕ ಮುಗಿದು ನೆಲ ನಿರ್ಜೀವವಾಗುತ್ತದೆ. ಹಾಗಾಗಿ 30ರಿಂದ 19ಕ್ಕೆ ಇಳಿದದ್ದು ಹದಗೆಟ್ಟ ಲಕ್ಷಣವೂ ಆಗಬಹುದು, ಚೇತರಿಕೆಯ ಲಕ್ಷಣವೂ ಆಗಬಹುದು. ಆ 30ರಲ್ಲಿ 25 ಕ್ಯಾಪಿಟೆಲ್ಲಿಡ್ (ಕ್ಯಾಪಿಟೆಲ್ಲಾ ಸೇರುವ ಕುಟುಂಬದ) ಹುಳುಗಳಾಗಿದ್ದು, 19ರಲ್ಲಿ ಎಂಟು ಕುಟುಂಬಗಳಿದ್ದರೆ ಕಥೆಯೇ ತಿರುಗುತ್ತದೆ. ಪ್ರಭೇದದವರೆಗೆ ಗುರುತಿಸಲು ನುರಿತವರಿಲ್ಲದಿದ್ದರೆ ಕುಟುಂಬದ ಮಟ್ಟಕ್ಕೆ ನಿಲ್ಲಿ. ಮಾಲಿನ್ಯದ ಪರಿಣಾಮ ಕಾಣಲು ಅನೇಕ ಸಲ ಅಷ್ಟೇ ಸಾಕಾಗುತ್ತದೆ. ಆಂಫಿಪಾಡ್‌ಗಳನ್ನು (ಸೀಗಡಿಯನ್ನು ಹೋಲುವ ಪುಟ್ಟ ಜೀವಿಗಳು) ಮತ್ತು ಕಪ್ಪೆಚಿಪ್ಪುಗಳನ್ನು ಬಿಡಬೇಡಿ. ಆಂಫಿಪಾಡ್‌ಗಳಲ್ಲಿ ಅನೇಕವು ಮಾಲಿನ್ಯಕ್ಕೆ ಬೇಗ ಸೋಲುವ ಜೀವಿಗಳು.

ಮೇಲ್ಮೈ ನೀರಿನ 6 ಮಿ.ಗ್ರಾಂ. ಆಮ್ಲಜನಕ ಹುಳುಗಳಿಗೆ ಸಂಬಂಧಿಸಿದ್ದಲ್ಲ. ನೀರು ಪದರಗಟ್ಟಿದಾಗ 12 ಮೀಟರ್ ಆಳದಲ್ಲೂ ತಳದ ನೀರು ಬೇರೆಯೇ ಆಗಿರುತ್ತದೆ. ತಳದಿಂದ ಒಂದು ಮೀಟರ್ ಒಳಗಿನ ನೀರನ್ನು ನಿಸ್ಕಿನ್ ಬಾಟಲಿಯಲ್ಲಿ (ಬೇಕಾದ ಆಳದಲ್ಲಿ ಮುಚ್ಚಿಕೊಂಡು ಅಲ್ಲಿನ ನೀರು ಹಿಡಿಯುವ ಬಾಟಲಿ) ಹಿಡಿದು, ಆಮ್ಲಜನಕದ ಸೀಸೆಯ ತಳಕ್ಕೆ ಕೊಳವೆ ಮುಟ್ಟಿಸಿ, ಎರಡು ಮೂರು ಸೀಸೆಯಷ್ಟು ನೀರು ಉಕ್ಕಿ ಹೋಗುವವರೆಗೆ ತುಂಬಿಸಿ, ಗುಳ್ಳೆ ಉಳಿಯದಂತೆ ನೋಡಿ, ಮ್ಯಾಂಗನೀಸ್ ಮತ್ತು ಕ್ಷಾರೀಯ ಅಯೊಡೈಡ್ ದ್ರಾವಣಗಳನ್ನು ದೋಣಿಯಲ್ಲೇ ಸೇರಿಸಿ. 1888ರಲ್ಲಿ ರಸಾಯನಶಾಸ್ತ್ರಜ್ಞ ವಿಂಕ್ಲರ್ ಹೇಳಿಕೊಟ್ಟ ಈ ವಿಧಾನ ಈಗಲೂ ಸೆನ್ಸರ್‌ಗಳನ್ನು ಪರೀಕ್ಷಿಸುವ ಒರೆಗಲ್ಲು. ಲೀಟರ್‌ಗೆ 2 ಮಿ.ಗ್ರಾಂ.ಗಿಂತ ಕೆಳಗೆ ಬಂದರೆ ಹೈಪಾಕ್ಸಿಯಾ, ಅಂದರೆ ಆಮ್ಲಜನಕದ ತೀವ್ರ ಕೊರತೆ. ಬೆಳಗಿನ ಜಾವ ಅಳೆದರೆ ಕನಿಷ್ಠ ಮಟ್ಟದ ಹತ್ತಿರದ ಅಂಕಿ ಸಿಗುತ್ತದೆ, ಮಧ್ಯಾಹ್ನದ ಅಳತೆ ಸುಳ್ಳು ಸಮಾಧಾನ ಕೊಡುತ್ತದೆ.

ಕೈಯಲ್ಲಿರುವ ಎರಡು ಸಮೀಕ್ಷೆಗಳನ್ನು ಎಸೆಯಬೇಡಿ. ವರದಿಯಲ್ಲಿ ಅವನ್ನು ಪೂರ್ವಭಾವಿ ಸಮೀಕ್ಷೆ ಎಂದು ಕರೆದು, ಹತ್ತೂ ಎಣಿಕೆಗಳನ್ನು ಹಾಗೆಯೇ ಕೊಡಿ. ಸರಾಸರಿಯನ್ನು ಚದರ ಮೀಟರ್‌ಗೆ 300 ಮತ್ತು 190 ಎಂದು ಪರಿವರ್ತಿಸುವಾಗ ಸ್ಟ್ಯಾಂಡರ್ಡ್ ಎರರ್ ಕೂಡ ಹತ್ತು ಪಟ್ಟಾಗಿ 89 ಮತ್ತು 43 ಆಗುತ್ತದೆ ಎಂಬುದನ್ನು ಮರೆಯಬೇಡಿ. ಬಳಸಿದ ಜರಡಿಯ ಗಾತ್ರ ಕೋಷ್ಟಕದ ತಲೆಬರಹದಲ್ಲೇ ಇರಲಿ, ಅಡಿಟಿಪ್ಪಣಿಯಲ್ಲಿ ಬೇಡ.